ಜಗಳ ಇದ್ದದ್ದು ಕೊಡು

ಕಾರವಾರದ ಮೀನುಪೇಟೆಯ ಹಿಂದೆ, ಛತ್ರಿ ರಿಪೇರಿಯವನ ಪಕ್ಕ
ಎಂಟಡಿ ಅಗಲದ ನನ್ನ ಬಾಡಿಗೆ ಪುಸ್ತಕದಂಗಡಿ.
ದಿನಕ್ಕೆ ಎರಡು ರೂಪಾಯಿ. ಹರಿದರೆ ಹತ್ತು.
ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ
ಬರುತ್ತಾಳೆ ವಿಲಾಸಿನಿ ಹರಿಕಂತ್ರ,
ಸೆರಗಿಗೆ ಮೂರು ಸಲ ಕೈ ಒರೆಸಿ
ಹೊಸ್ತಿಲಲ್ಲೇ ನಿಂತು:
"ಜಗಳ ಇದ್ದದ್ದು ಕೊಡು."

ಕೊಲೆಯದ್ದು ಬೇಡ, ದೆವ್ವದ್ದು ಬೇಡ.
ಮೊದಲ ಪುಟದಲ್ಲೇ ಅವನು
ಮೈಯುರಿಯುವ ಹಾಗೆ ಏನಾದರೂ ಅನ್ನಬೇಕು,
ಅವಳು ಅದಕ್ಕೆ ಬಡ್ಡಿ ಸೇರಿಸಿ ತೀರಿಸಬೇಕು.
ಹತ್ತನೇ ಪುಟದೊಳಗೆ ಇಬ್ಬರೂ ನಕ್ಕರೋ,
ಮರುದಿನವೇ ಪುಸ್ತಕ ವಾಪಸ್ಸು:
"ಉಪ್ಪೇ ಇಲ್ಲ ಮಾರಾಯ್ತಿ ಇದರಲ್ಲಿ."

ಮೊದಮೊದಲು ನಕ್ಕಿದ್ದೆ.
ಕೊನೆ ಗೊತ್ತಿದ್ದದ್ದೇ ಅಲ್ಲವೆ?
ಎಸ್ಟೇಟಿನ ಸಾಹುಕಾರನ ಸೊಕ್ಕು ಇಳಿಯುತ್ತದೆ,
ಡಾಕ್ಟರಮ್ಮನ ಮೂಗಿನ ತುದಿಯ ಸಿಟ್ಟು
ಕೆನ್ನೆಗೆ ಜಾರಿ ಬೇರೆ ಬಣ್ಣ ಆಗುತ್ತದೆ.
ಇದಕ್ಕೆ ಇನ್ನೂರು ಪುಟ ಬೇಕೆ,
ಅಂಕೋಲೆಗೆ ಹೋಗಲು ಗೋವಾ ಸುತ್ತಿದ ಹಾಗೆ?

ಅವಳು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು:
"ನನ್ನ ಗಂಡ ಒಳ್ಳೆಯವ. ಇಪ್ಪತ್ತಾರು ವರ್ಷದಲ್ಲಿ
ಒಂದು ಕೆಟ್ಟ ಮಾತಿಲ್ಲ.
ನಾನು ಮೂಗುತಿ ಬದಲಿಸಿ ಎರಡು ವರ್ಷ,
ಅವನಿಗೆ ಇನ್ನೂ ಗೊತ್ತಿಲ್ಲ.
ಐಸಿನ ಬಸ್ತ್ಯಾಂವ್ ಮರುದಿನ ಬೆಳಿಗ್ಗೆಯೇ ಅಂದ:
ಏನು, ಮೂಗು ಭಾರ ಆದ ಹಾಗಿದೆ,
ನನ್ನ ಬಾಕಿ ದುಡ್ಡೋ?"

ಬಸ್ತ್ಯಾಂವ್ ಫರ್ನಾಂಡಿಸ್, ಬೈತಖೋಲದಿಂದ ಐಸು ತರುವವ.
ಹನ್ನೊಂದು ವರ್ಷದಿಂದ ಅವರ ಜಗಳವೇ ಪೇಟೆಗೆ ಗಡಿಯಾರ.
ಅವನು ತೂಕ ಹೊಡೆಯುತ್ತಾನೆಂದು ಅವಳು,
ಅವಳು ಲೆಕ್ಕ ನುಂಗುತ್ತಾಳೆಂದು ಅವನು;
ಕನ್ನಡದಲ್ಲಿ ಹತ್ತಿಕೊಂಡದ್ದು ಕೊಂಕಣಿಯಲ್ಲಿ ಉರಿದು
ಕಾಗೆಗಳೂ ಒಂದಿಷ್ಟು ದೂರ ಕೂರುತ್ತವೆ.
ಅವಳಿಗೆ ಜ್ವರ ಬಂದ ವಾರ
ಆ ಜಾಗದಲ್ಲಿ ಅವಳ ನಾದಿನಿ ಕೂತಿದ್ದಳು.
ಅವನು ತುಟಿ ಬಿಚ್ಚದೆ,
ಸರಿಯಾಗಿ ತೂಗಿ ಕೊಟ್ಟು ಹೋದನಂತೆ.

"ಅವನ ಮೇಲೆ ಮನಸ್ಸೇನೇ?" ಅಂದುಬಿಟ್ಟೆ.
"ಪಿಶೆಂ ನೀನು. ಮನಸ್ಸಿನ ಮಾತು ಯಾರು ಆಡಿದರು?
ನಾನು ಆಡಿದ್ದು ಕಣ್ಣಿನದು.
ವೈರಿ ನೋಡಿದಷ್ಟು ಯಾರು ನೋಡುತ್ತಾರೆ?
ಹೋದ ವರ್ಷ ನೀನು ಅಂದದ್ದನ್ನು
ಅಕ್ಷರ ಬಿಡದೆ ಯಾರು ಇಟ್ಟುಕೊಂಡಿರುತ್ತಾರೆ?"

ಆ ರಾತ್ರಿ ನಿದ್ದೆ ಬರಲಿಲ್ಲ.
ಕೋಡಿಬಾಗದ ನನ್ನ ಅಕ್ಕ ಕುಮುದಿನಿ,
ಗಂಡನ ಕೈಯಲ್ಲಿ ಒಂದು ಕಿವಿ ಕಳಕೊಂಡವಳು.
ಅವಳ ಕೈಗೆ ಕೊಟ್ಟೇನೆ ಇಂಥ ಪುಸ್ತಕ?
ಮರುದಿನ ಕೇಳಿಯೇಬಿಟ್ಟೆ.

ವಿಲಾಸಿನಿ ಎಲೆ ಅಗಿಯುವುದು ನಿಲ್ಲಿಸಿದಳು.
"ಅವನೆಲ್ಲಿಯ ವೈರಿ?
ವೈರಿ ಅಂದರೆ, ನೀನು ಬೈದು ಮುಗಿಸುವ ತನಕ
ನಿಂತು ಕೇಳುವವ. ನಿನ್ನ ಸರದಿ ನಿನಗೆ ಬಿಡುವವ.
ನಿನ್ನ ಅಕ್ಕನಿಗೆ ಸರದಿ ಬಂದದ್ದುಂಟೆ?"

ಒಪ್ಪಿದೆನೋ ಇಲ್ಲವೋ.
ಅಕ್ಕನಿಗೆ ಅಡುಗೆ ಪುಸ್ತಕ ಕೊಟ್ಟೆ.

ಜೂನು. ಬೋಟುಗಳು ದಡಕ್ಕೆ, ಮೀನುಗಾರಿಕೆಗೆ ರಜೆ.
ಬಸ್ತ್ಯಾಂವ್ ಮಡಗಾಂವಿಗೆ, ಮಗಳ ಮನೆಗೆ.
ಒಣಮೀನಿನ ಮುಂದೆ ಅವಳು ಬಾಯಿ ಹೊಲಿದುಕೊಂಡು ಕೂತಳು;
ವಾರಕ್ಕೆ ಮೂರು ಪುಸ್ತಕ. "ಇದಕ್ಕಿಂತ ಜೋರಿನದು ಇಲ್ಲವಾ?"

ವಾಪಸ್ಸು ಬಂದವನ್ನು ಒರೆಸಿ ಇಡುವಾಗ ಕಂಡೆ:
ಬೈಗಳಿನ ಪುಟಗಳಿಗೆಲ್ಲ ಬಂಗಡೆಯ ವಾಸನೆ,
ಅರಿಶಿನದ ಹೆಬ್ಬೆರಳು,
"ನಿನ್ನಂಥವಳನ್ನು ನಾನು ಕಂಡೇ ಇಲ್ಲ" ಎಂಬ ಸಾಲಿನ ಮೇಲೆ
ಮೀನಿನ ಒಂದು ಹುರುಪೆ, ಇನ್ನೂ ಹೊಳೆಯುತ್ತ.
ನೂರಾ ಎಂಬತ್ತರಲ್ಲಿ ಅವನು ಅವಳ ಕೈ ಹಿಡಿಯುತ್ತಾನೆ.
ಅಲ್ಲಿಂದ ಮುಂದೆ ಹಾಳೆಗಳು ಬರೀ ಪ್ರೆಸ್ಸಿನ ವಾಸನೆ,
ಒಂದಕ್ಕೊಂದು ಅಂಟಿಕೊಂಡೇ ಇದ್ದವು.
ಪ್ರತಿ ಪುಸ್ತಕದಲ್ಲೂ ಹೀಗೆಯೇ.

ಆಗಸ್ಟ್ ಒಂದರ ಬೆಳಿಗ್ಗೆ ಬಂದಾಗ ತೋರಿಸಿದೆ.
"ಮುಂದೆ ಏನಿದೆ, ಮದುವೆ ತಾನೆ?" ಅಂದಳು.
ಇನ್ನೂ ಏನೋ ಹೇಳುವುದಿತ್ತು.
ಪೇಟೆಯ ಮೂಲೆಯಲ್ಲಿ ಐಸಿನ ಗಾಡಿಯ ಹಾರ್ನು;
ಚಪ್ಪಲಿ ಮೆಟ್ಟುವ ಮೊದಲೇ
ಅವಳ ದನಿ ಏರಿಯಾಗಿತ್ತು.